ಸೋರುವುದು ಒಂದು ಕಡೆ, ಒದ್ದೆ ಇನ್ನೊಂದು ಕಡೆ

ಪುಣೆಯಲ್ಲಿ ಜುಲೈ ಬಂತೆಂದರೆ ಎಷ್ಟೋ ಕಾರುಗಳೊಳಗೆ ಒದ್ದೆ ಗೋಣಿಚೀಲದ ವಾಸನೆ. ಮ್ಯಾಟ್ ಬಿಸಿಲಿಗೆ ಹಾಕೋಣ ಅಂದ್ರೆ ಬಿಸಿಲೆಲ್ಲಿ? ಕೂಡಲೇ ಯಾರಾದರೊಬ್ಬರು ಹೇಳ್ತಾರೆ, ‘ಡೋರ್ ರಬ್ಬರ್ ಹೋಗಿದೆ, ಬದಲಾಯಿಸಿ’. ರಬ್ಬರ್ ಪಾಪ, ಎಷ್ಟೋ ಸಲ ನಿರಪರಾಧಿ.

ಮೊದಲು ವೈಪರ್ ಕೆಳಗಿನ ಜಾಲರಿ ನೋಡಿ. ಮರದ ನೆರಳು ಕಂಡಲ್ಲಿ ಗಾಡಿ ನಿಲ್ಲಿಸೋ ಊರು ಇದು. ಗುಲ್‌ಮೊಹರಿನ ಪುಡಿ ಎಲೆ ಅಲ್ಲಿ ಬಿದ್ದು, ಕೊಳೆತು, ನೀರು ಹೊರಹೋಗೋ ತೂತು ಕಟ್ಟಿಕೊಳ್ಳುತ್ತೆ. ಆಮೇಲೆ ಆ ನೀರು ಬ್ಲೋವರ್ ದಾರಿ ಹಿಡಿದು ಮುಂದಿನ ಸೀಟಿನ ಕಾಲಡಿಗೆ ಇಳಿಯುತ್ತೆ. ಸನ್‌ರೂಫ್ ಇದ್ದರಂತೂ ಅದರ ಮೂಲೆಗಳಿಂದ ಕಾರಿನ ಚಾವಣಿ ಹೊತ್ತ ಕಂಬದೊಳಗೆ ಇಳಿಯೋ ಸಣ್ಣ ಪೈಪುಗಳದೂ ಇದೇ ಕತೆ. ಸನ್‌ರೂಫ್ ಮೊದಲೇ ಒಂದಿಷ್ಟು ನೀರು ಒಳಗೆ ಬಿಟ್ಟುಕೊಂಡು ಈ ಪೈಪಲ್ಲಿ ಹೊರಹಾಕೋ ಹಾಗೇ ಮಾಡಿರ್ತಾರೆ. ಅದಕ್ಕೇ ಸಿಕ್ಕಸಿಕ್ಕಲ್ಲಿ ಸಿಲಿಕೋನ್ ಮೆತ್ತಬೇಡಿ, ಹೋಗೋ ದಾರಿಯನ್ನೇ ಮುಚ್ಚಿಬಿಡ್ತೀರಿ.

ಮಳೆಯಿಲ್ಲದಾಗಲೂ, ಎಸಿ ಹಾಕಿದಾಗ ಮಾತ್ರ ಒದ್ದೆಯಾದರೆ ಎಸಿಯ ಡ್ರೈನ್ ಪೈಪ್ ಕಟ್ಟಿರಬಹುದು. ನೀರು ಅಂಟಂಟಾಗಿ, ಸಿಹಿ ವಾಸನೆ ಬಂದರೆ ಅದು ಮಳೆನೀರೇ ಅಲ್ಲ, ಹೀಟರಿನ ಕೂಲೆಂಟ್. ಗ್ಯಾರೇಜಿಗೆ ನಡೀರಿ.

ಪತ್ತೆ ಹಚ್ಚೋಕೆ ಇಬ್ಬರು ಬೇಕು. ಒಳಗೆ ಒರೆಸಿ, ಅಂಚುಗಳಿಗೆ ಟಾಲ್ಕಂ ಪೌಡರ್ ಉದುರಿಸಿ, ಒಬ್ಬರು ಟಾರ್ಚ್ ಹಿಡಿದು ಕೂತ್ಕೊಳ್ಳಿ. ಇನ್ನೊಬ್ಬರು ಹೊರಗಿಂದ ಸಣ್ಣಗೆ ನೀರು ಬಿಡಲಿ, ಕೆಳಗಿಂದ ಶುರುಮಾಡಿ ನಿಧಾನಕ್ಕೆ ಮೇಲಕ್ಕೆ. ಪೌಡರ್ ಮೇಲೆ ಗೆರೆ ಮೂಡಿದರೆ ಕಳ್ಳ ಸಿಕ್ಕ ಹಾಗೆ. ಕಾರ್ಪೆಟ್ ಅಡಿಯ ಫೋಮ್ ಎತ್ತಿ ಒಣಗಿಸೋದು ಮಾತ್ರ ಮರೀಬೇಡಿ. ಮೇಲೆ ಒಣಗಿದಂತೆ ಕಂಡರೂ ಅದು ದಿನಗಟ್ಟಲೆ ನೀರು ಹಿಡಿದಿಟ್ಟುಕೊಳ್ಳುತ್ತೆ, ವೈರಿಂಗ್ ಕನೆಕ್ಟರುಗಳೂ ಅದರ ಪಕ್ಕದಲ್ಲೇ ಇರ್ತವೆ.