ಭಾರ

ಕಬ್ಬಿನ ಗಾಡಿಯ ಹಿಂದೆ ಸಿಕ್ಕಿಕೊಂಡವರು ಒಂದೇ ಸಮನೆ ಹಾರ್ನ್ ಒತ್ತುವುದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಮಂಡ್ಯದ ಕಡೆ ಕಬ್ಬು ಅರೆಯುವ ಹಂಗಾಮು ಶುರುವಾದರೆ ರಸ್ತೆಯುದ್ದಕ್ಕೂ ಟೈರ್ ಗಾಡಿಗಳ ಸಾಲು. ಏರು ಬಂದಾಗ ಎತ್ತಿನ ಮಂಡಿ ಬಾಗುತ್ತದೆ, ಗೊರಸು ಡಾಂಬರಿನ ಮೇಲೆ ಜಾರುತ್ತದೆ, ಬಾಯಲ್ಲಿ ನೊರೆ. ಹಿಂದಿನಿಂದ ಹಾರ್ನು, ಮೇಲಿನಿಂದ ಬಾರುಕೋಲು. ಇದೇ ಎತ್ತಿಗೆ ಸಂಕ್ರಾಂತಿಯಂದು ಮೈ ತೊಳೆದು, ಅರಿಶಿನ ಹಚ್ಚಿ, ಕೊಂಬಿಗೆ ಬಣ್ಣ ಬಳಿದು ಬಸವಣ್ಣ ಎಂದು ಕೈ ಮುಗಿಯುತ್ತೇವೆ. ಆ ಪ್ರೀತಿ ಸುಳ್ಳಲ್ಲ. ಆದರೆ ಮಾರನೆಯ ದಿನ ಹೆಗಲ ಹುಣ್ಣಿನ ಮೇಲೆ ಮತ್ತೆ ನೊಗವೇ ಬೀಳುತ್ತದೆ.

ಈ ಎತ್ತುಗಳ ಪರವಾಗಿ ದೆಹಲಿಯಲ್ಲಿ ಪಟ್ಟು ಹಿಡಿದವರು ಒಬ್ಬ ನರ್ತಕಿ ಎಂದರೆ ನಂಬುತ್ತೀರಾ? ಕಲಾಕ್ಷೇತ್ರ ಎಂಬ ನೃತ್ಯಶಾಲೆ ಕಟ್ಟಿದ ರುಕ್ಮಿಣಿ ದೇವಿ ಅರುಂಡೇಲ್ 1952ರಲ್ಲಿ ರಾಜ್ಯಸಭೆಗೆ ಹೋದರು. ಪ್ರಾಣಿಹಿಂಸೆ ತಡೆಯಲು ತಾವೇ ಖಾಸಗಿ ಮಸೂದೆ ಮಂಡಿಸಿದರು. ಸರ್ಕಾರವೇ ಕಾನೂನು ತರುತ್ತದೆಂದು ನೆಹರೂ ಮಾತು ಕೊಟ್ಟ ಮೇಲೆ ಅದನ್ನು ಹಿಂತೆಗೆದುಕೊಂಡರು. 1960ರಲ್ಲಿ ಕಾಯ್ದೆ ಬಂತು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಹುಟ್ಟಿದಾಗ ಅವರೇ ಮೊದಲ ಅಧ್ಯಕ್ಷೆ. ಆ ಕಾಯ್ದೆಯಡಿ 1965ರಲ್ಲಿ ಬಂದ ನಿಯಮಗಳನ್ನು ಓದಿದರೆ ಎತ್ತಿನ ಸಂಕಟ ಬಲ್ಲವರೇ ಬರೆದಂತಿದೆ: ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದು, ಬಿಡುವಿಲ್ಲದೆ 5 ಗಂಟೆ ದಾಟಬಾರದು, ಬಿಸಿಲು 37 ಡಿಗ್ರಿ ಮೀರುವಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಕಟ್ಟಬಾರದು, ಮೊಳೆ ಹೊಡೆದ ಕೋಲಿನಿಂದ ತಿವಿಯಬಾರದು. ಆದರೆ ಕಾಯ್ದೆ ಮೊದಲ ತಪ್ಪಿಗೆ ಬರೆದ ದಂಡ 10ರಿಂದ 50 ರೂಪಾಯಿ. ದಶಕಗಟ್ಟಲೆ ಆ ಅಂಕಿ ಅಲುಗಲಿಲ್ಲ. ಇವತ್ತು ಅದು ಒಂದು ತಿಂಡಿ, ಒಂದು ಕಾಫಿಯ ದುಡ್ಡು.

ಹಾಗೆಂದು ಗಾಡಿಯವನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ಬಾಡಿಗೆ ಸಿಗುವುದು ಟನ್ ಲೆಕ್ಕದಲ್ಲಿ. ಭಾರ ಇಳಿಸಿದರೆ ಅವನ ಮನೆಯ ಅನ್ನವೂ ಇಳಿಯುತ್ತದೆ. ಏರಿನಲ್ಲಿ ಬೈಕು ನಿಲ್ಲಿಸಿ ಚಕ್ರಕ್ಕೆ ಹೆಗಲು ಕೊಡುವ ಹುಡುಗರನ್ನು ಕಂಡಿದ್ದೇನೆ. ಗಾಡಿ ಏರು ಹತ್ತಿದ ಮೇಲೆ ಕೈ ಒರೆಸಿಕೊಂಡು ಹೊರಟುಬಿಡುತ್ತಾರೆ. ಅಂಥವರಿಂದಲೇ ಎಷ್ಟೋ ಎತ್ತುಗಳು ಮಂಡಿಯೂರದೆ ಉಳಿದಿವೆ. ಹಿಂದೆ ದಾರಿ ಬದಿಯಲ್ಲಿ ದನಗಳಿಗೆಂದೇ ಕಲ್ಲಿನ ನೀರುತೊಟ್ಟಿ ಕಟ್ಟಿಸುವುದು ಪುಣ್ಯದ ಕೆಲಸವಾಗಿತ್ತು. ಆ ತೊಟ್ಟಿಗಳು ಈಗ ಕಾರ್ಖಾನೆಯ ಗೇಟಿನ ಮುಂದೆ ಬೇಕು. ತೂಕಕ್ಕಾಗಿ ಗಂಟೆಗಟ್ಟಲೆ ಸಾಲಿನಲ್ಲಿ ಕಾಯುವಾಗ ಕೊರಳು ಬಿಚ್ಚಿ ಕಟ್ಟಲು ಒಂದು ಚಪ್ಪರ, ಕುಡಿಯಲು ನೀರು. ಇಷ್ಟನ್ನು ಕಬ್ಬು ಬೆಳೆದವರೇ ಕಾರ್ಖಾನೆಯವರಿಂದ ಕೇಳಿ ಪಡೆಯಬೇಕು, ಈ ಹಂಗಾಮಿನಲ್ಲೇ.