ಸಾವಿರ ಅಡಿಯ ಮರ್ಯಾದೆ

ಆಕಾಶಕ್ಕೆ ಎಲ್ಲೆಯಿಲ್ಲವೆಂದು ನಮ್ಮ ಕವಿಗಳು ಬಹುಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ಆ ಮಾತನ್ನು ನಂಬಿಕೊಂಡು ಮೇಲೆ ಹೋದವನಿಗೆ ಸ್ವಲ್ಪ ಆಶ್ಚರ್ಯವೇ ಕಾದಿರುತ್ತದೆ. ಜೆಟ್ ವಿಮಾನಗಳು ಹಾರುವ ಎತ್ತರದಲ್ಲಿ ಆಕಾಶಕ್ಕೆ ಮಹಡಿಗಳಿವೆ. ಗೋಡೆಯಿಲ್ಲ, ತೊಲೆಯಿಲ್ಲ, ಮೆಟ್ಟಿಲಿಲ್ಲ, ಆದರೂ ಮಹಡಿಗಳಿವೆ. ಪೂರ್ವದ ಕಡೆಗೆ ಹೋಗುವವರಿಗೆ ಬೆಸ ಸಂಖ್ಯೆಯವು: 31,000, 33,000, 35,000 ಅಡಿ. ಪಶ್ಚಿಮದ ಕಡೆಗೆ ಹೋಗುವವರಿಗೆ ಸಮ ಸಂಖ್ಯೆಯವು: 32,000, 34,000, 36,000. (ಕೆಲವು ದೇಶಗಳು ತಮ್ಮ ಅನುಕೂಲಕ್ಕೆ ತಕ್ಕಂತೆ ಬೇರೆ ರೀತಿ ಹಂಚಿಕೊಂಡಿರುವುದೂ ಉಂಟು.) ಒಂದು ಮಹಡಿಗೂ ಇನ್ನೊಂದಕ್ಕೂ ನಡುವೆ ಸಾವಿರ ಅಡಿ. ಮೈಸೂರಿನವರಿಗೆ ಅರ್ಥವಾಗುವಂತೆ ಹೇಳುವುದಾದರೆ, ಚಾಮುಂಡಿ ಬೆಟ್ಟ ಊರಿನಿಂದ ಎಷ್ಟು ಮೇಲಿದೆಯೋ ಹೆಚ್ಚುಕಡಿಮೆ ಅಷ್ಟು.

ಮೆಟ್ಟಿಲು ಹತ್ತಿ ದೇವಿಯ ದರ್ಶನ ಮಾಡಿದವನ ಮೊಣಕಾಲುಗಳನ್ನು ಕೇಳಿದರೆ ಅದು ಸಾಕಷ್ಟು ದೂರವೇ. ಆದರೆ ಎದುರುಬದುರಾಗಿ ಬರುವ ಎರಡು ವಿಮಾನಗಳು ಗಂಟೆಗೆ 1,700 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಪರಸ್ಪರ ಸಮೀಪಿಸುತ್ತಿರುತ್ತವೆ. ಐದು ಕಿಲೋಮೀಟರ್ ಆಚೆ ಕಂಡದ್ದು ಹತ್ತು ಹನ್ನೊಂದು ಸೆಕೆಂಡಿನಲ್ಲಿ ಕಾಲ ಕೆಳಗೆ ಬಂದಿರುತ್ತದೆ. ಒಮ್ಮೆ ಕೋಲ್ಕತ್ತದ ದಾರಿಯಲ್ಲಿ ಅಂಥದೊಂದು ನಮ್ಮ ಕೆಳಗೆ ಸರ್ರನೆ ಹಾದುಹೋಯಿತು. ಕಿಟಕಿಯ ಪಕ್ಕ ಕುಳಿತಿದ್ದ ವೃದ್ಧೆಯೊಬ್ಬರು ನನ್ನ ತೋಳು ಹಿಡಿದುಕೊಂಡು, “ಏನಪ್ಪಾ, ಇಷ್ಟು ಹತ್ತಿರ ಬಿಡುತ್ತಾರೆಯೆ?” ಎಂದರು.

“ಹತ್ತಿರವೇನಿಲ್ಲಮ್ಮ, ಸಾವಿರ ಅಡಿ ಕೆಳಗಿದೆ.”

“ಅಳೆದವರು ಯಾರು?”

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಎಂಜಿನಿಯರುಗಳೂ ಕೇಳಲಾರರು. ಎತ್ತರವನ್ನು ಯಾರೂ ಹಗ್ಗ ಬಿಟ್ಟು ಅಳೆಯುವುದಿಲ್ಲ. ವಿಮಾನದ ಮೈಮೇಲೆ ಸಣ್ಣ ತೂತುಗಳಿವೆ. ಅವುಗಳ ಮೂಲಕ ಹೊರಗಿನ ಗಾಳಿಯ ಒತ್ತಡ ಒಳಗಿನ ಉಪಕರಣವನ್ನು ಮುಟ್ಟುತ್ತದೆ. ಮೇಲೆ ಹೋದಂತೆ ಒತ್ತಡ ಕಡಿಮೆ. ಹಳೆಯ ಆಲ್ಟಿಮೀಟರಿನಲ್ಲಿ ಗಾಳಿ ತೆಗೆದು ಮುಚ್ಚಿದ ತೆಳು ಲೋಹದ ಡಬ್ಬಿಯೊಂದು ಒತ್ತಡ ತಗ್ಗಿದಷ್ಟೂ ಉಬ್ಬಿ ಮುಳ್ಳನ್ನು ತಿರುಗಿಸುತ್ತಿತ್ತು. ಈಗ ಅದರ ಜಾಗಕ್ಕೆ ಗಣಕಯಂತ್ರ ಬಂದಿದೆ. ಆದರೆ ಅಳೆಯುವುದು ಈಗಲೂ ಗಾಳಿಯನ್ನೇ.

ಗಾಳಿಯ ಒತ್ತಡವಾದರೋ ಒಂದೊಂದು ದಿನ ಒಂದೊಂದು ಊರಿನಲ್ಲಿ ಒಂದೊಂದು ಬಗೆ. ಇದಕ್ಕೆ ವೈಮಾನಿಕರು ಕಂಡುಕೊಂಡ ಉಪಾಯ ನನಗೆ ಬಹಳ ಹಿಡಿಸಿದೆ. ಒಂದು ಎತ್ತರವನ್ನು ದಾಟಿದ ಮೇಲೆ ಎಲ್ಲರೂ ತಮ್ಮ ಉಪಕರಣವನ್ನು 1013.25 ಹೆಕ್ಟೋಪ್ಯಾಸ್ಕಲಿಗೆ (ಹಿಂದೆ ಮಿಲಿಬಾರ್ ಎನ್ನುತ್ತಿದ್ದದ್ದು ಇದನ್ನೇ) ತಿರುಗಿಸಿಕೊಳ್ಳುತ್ತಾರೆ. ಕೆಳಗೆ ನಿಜವಾದ ಒತ್ತಡ ಎಷ್ಟೇ ಇರಲಿ, ಮೇಲಿನವರಿಗೆಲ್ಲ ಇದೇ ಲೆಕ್ಕ. ಹೀಗಾಗಿ ಮುಳ್ಳು 35,000 ಎಂದು ತೋರಿಸುವಾಗ ವಿಮಾನ ನಿಜಕ್ಕೂ 35,000 ಅಡಿಯಲ್ಲಿ ಇರಬೇಕೆಂದಿಲ್ಲ. ಸೆಕೆಯ ದಿನಗಳಲ್ಲಿ ಅದಕ್ಕಿಂತ ಎಷ್ಟೋ ಮೇಲಿರಬಹುದು. ಆದರೆ ಸುತ್ತಮುತ್ತಲಿನ ವಿಮಾನಗಳೂ ಅಷ್ಟೇ ತಪ್ಪಿರುತ್ತವೆ. ಎಲ್ಲರೂ ಕೂಡಿ ಒಂದೇ ಸುಳ್ಳನ್ನು ಹೇಳುವುದರಿಂದ ಅಂತರ ಉಳಿದುಕೊಳ್ಳುತ್ತದೆ. ಒಬ್ಬನೇ ನಿಜ ಹೇಳಹೊರಟರೆ ಅಪಘಾತ!

ಮೇಲೆ ಹೋದಂತೆ ಗಾಳಿ ತೆಳುವಾಗುವುದರಿಂದ ಇನ್ನೊಂದು ತೊಡಕುಂಟು. ಸಮುದ್ರಮಟ್ಟದ ಬಳಿ ಒಂದು ಹೆಕ್ಟೋಪ್ಯಾಸ್ಕಲ್ ತಪ್ಪಿದರೆ ಸುಮಾರು 27 ಅಡಿ ತಪ್ಪಿದಂತೆ. 35,000 ಅಡಿಯಲ್ಲಿ ಅದೇ ತಪ್ಪು 90 ಅಡಿಯ ಹತ್ತಿರ ಹೋಗುತ್ತದೆ. ಆದ್ದರಿಂದ ಜೆಟ್ಟುಗಳು ಬಂದ ಕಾಲದಲ್ಲಿ ಹಿರಿಯರು 29,000 ಅಡಿಯ ಮೇಲೆ ಎರಡು ಸಾವಿರ ಅಡಿ ಬಿಡಬೇಕೆಂದು ಗೊತ್ತುಮಾಡಿದ್ದರು. ಮುಂದೆ ವಿಮಾನಗಳು ಹೆಚ್ಚಿದವು, ಉಪಕರಣಗಳು ಸುಧಾರಿಸಿದವು. ಎತ್ತರದ ತೆಳು ಗಾಳಿಯಲ್ಲಿ ಇಂಧನ ಉಳಿಯುವುದರಿಂದ ಎಲ್ಲರಿಗೂ ಅಲ್ಲೇ ಜಾಗ ಬೇಕಾಯಿತು. 1997ರಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಮೇಲೆ ಅಂತರವನ್ನು ಸಾವಿರ ಅಡಿಗೆ ಇಳಿಸಿದರು. 2002ರಲ್ಲಿ ಯೂರೋಪು, 2003ರ ನವೆಂಬರ್ 27ರಂದು ನಮ್ಮ ದೇಶ, 2005ರಲ್ಲಿ ಅಮೆರಿಕ. 29,000ದಿಂದ 41,000ದವರೆಗೆ 7 ಮಹಡಿಗಳಿದ್ದಲ್ಲಿ 13 ಆದವು. ಅಷ್ಟೇ ಅಲ್ಲ, ಹಳೆಯ ಪದ್ಧತಿಯಲ್ಲಿ 31,000 ಅಡಿ ಪಶ್ಚಿಮಕ್ಕೆ ಹೋಗುವವರದಾಗಿತ್ತು. ಹೊಸದರಲ್ಲಿ ಅದು ಪೂರ್ವದವರಿಗೆ ಹೋಯಿತು. ನಮ್ಮೂರಿನ ಒಂದು ರಸ್ತೆಯನ್ನು ಏಕಮುಖ ಮಾಡಿದರೆ ಆರು ತಿಂಗಳು ಗೊಂದಲ. ಇಡೀ ಆಕಾಶದ ದಿಕ್ಕನ್ನು ಗೊತ್ತಾದ ಒಂದು ಗಳಿಗೆಯಲ್ಲಿ ಬದಲಿಸಿದವರನ್ನು ಮೆಚ್ಚಬೇಕು.

ಅಂತರವನ್ನು ಅರ್ಧ ಮಾಡಿ ಕ್ಷೇಮ ಎನ್ನುವುದು ವರ್ತಕರ ಮಾತಲ್ಲವೆ ಎಂದು ಯಾರಾದರೂ ಕೇಳಬಹುದು. ಅರೆಪಾಲು ಹೌದು. ಆದರೆ ಪುಕ್ಕಟೆಯಾಗಿ ಮಾಡಲಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಎತ್ತರಮಾಪಕಗಳು, ಎತ್ತರವನ್ನು ಹಿಡಿದು ನಿಲ್ಲಿಸುವ ಸ್ವಯಂಚಾಲಿತ ಯಂತ್ರ, ಜಾರಿದರೆ ಎಚ್ಚರಿಸುವ ಏರ್ಪಾಡು—ಇವಿಲ್ಲದ ವಿಮಾನಕ್ಕೆ ಆ ಮಹಡಿಗಳಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. ತೂತುಗಳ ಸುತ್ತಲಿನ ತಗಡು ಚೂರು ನೆಗ್ಗಿದ್ದರೂ ಲೆಕ್ಕಕ್ಕೆ ಬರುತ್ತದೆ.

ನನ್ನನ್ನು ಕಾಡುವುದು ಯಂತ್ರವಲ್ಲ. 1996ರ ನವೆಂಬರ್ 12ರ ಸಂಜೆ ದೆಹಲಿಯಿಂದ ಮೇಲೇರುತ್ತಿದ್ದ ಸೌದಿ ವಿಮಾನಕ್ಕೆ 14,000 ಅಡಿ, ಇಳಿಯುತ್ತಿದ್ದ ಕಜಾಕಿಸ್ತಾನದ ವಿಮಾನಕ್ಕೆ 15,000 ಅಡಿ ಎಂದು ಗೊತ್ತುಮಾಡಿದ್ದರು. ಬರುವವರಿಗೂ ಹೋಗುವವರಿಗೂ ಆಗ ಒಂದೇ ಓಣಿ. ನೆಲದ ರೇಡಾರಿಗೆ ವಿಮಾನ ಎಲ್ಲಿದೆ ಎಂಬುದು ಕಾಣುತ್ತಿತ್ತೇ ಹೊರತು ಎಷ್ಟು ಎತ್ತರದಲ್ಲಿದೆ ಎಂಬುದಲ್ಲ. ಎದುರಿನಿಂದ ಇನ್ನೊಂದು ವಿಮಾನ ಬರುತ್ತಿದೆ ಎಂಬ ಸೂಚನೆಯೂ ಹೋಗಿತ್ತು. ಆದರೂ ಮೇಲಿನದು ತನ್ನ ಮಹಡಿಯಿಂದ ಕೆಳಗಿಳಿಯಿತು. ಚರ್ಖಿ ದಾದ್ರಿಯ ಹೊಲಗಳ ಮೇಲೆ 349 ಜನ ಸತ್ತರು. ಒಬ್ಬರೂ ಉಳಿಯಲಿಲ್ಲ. ಒಂದು ವಿಮಾನವನ್ನು ಇನ್ನೊಂದರ ದಾರಿಯಿಂದ ತಪ್ಪಿಸುವ ಎಚ್ಚರಿಕೆಯ ಯಂತ್ರ ನಮ್ಮಲ್ಲಿ ಕಡ್ಡಾಯವಾದದ್ದು ಇದರ ಅನಂತರ.

ಆ ಯಂತ್ರವೂ ಕಣ್ಣು ಮುಚ್ಚಿದ್ದ ದಿನವೊಂದುಂಟು. 2006ರ ಸೆಪ್ಟೆಂಬರ್ 29ರಂದು ಅಮೆಜಾನ್ ಕಾಡಿನ ಮೇಲೆ ಎರಡು ವಿಮಾನಗಳು ಒಂದೇ ದಾರಿಯಲ್ಲಿ, 37,000 ಅಡಿಯಲ್ಲಿ ಎದುರಾದವು. ಆ ಭಾಗದಲ್ಲಿ ಆ ಮಹಡಿಯಲ್ಲಿ ಇರಬಾರದಿದ್ದ ಸಣ್ಣ ಜೆಟ್ಟು ಹೇಗೋ ಇಳಿದು ಬದುಕಿಕೊಂಡಿತು. ದೊಡ್ಡದರಲ್ಲಿದ್ದ 154 ಜನರೂ ಹೋದರು. ಹಿಂದೆ ದಾರಿ ಹಿಡಿಯುವುದರಲ್ಲಿ ಮೈಲಿಗಟ್ಟಲೆ ಹೆಚ್ಚುಕಡಿಮೆಯಾಗುತ್ತಿದ್ದುದರಿಂದ, ಎತ್ತರ ತಪ್ಪಿದರೂ ಅದೃಷ್ಟಕ್ಕೆ ಒಂದಿಷ್ಟು ಜಾಗವಿರುತ್ತಿತ್ತು. ಈಗ ಉಪಗ್ರಹಗಳ ಕೃಪೆಯಿಂದ ಎಲ್ಲರೂ ಗೆರೆ ಎಳೆದಂತೆ ಒಂದೇ ದಾರಿಯ ನಟ್ಟನಡುವೆ ಹಾರುತ್ತಾರೆ. ಅದಕ್ಕಾಗಿಯೇ ಸಾಗರಗಳ ಮೇಲೆ ದಾರಿಯಿಂದ ಒಂದೆರಡು ಮೈಲಿ ಬಲಕ್ಕೆ ಸರಿದು ಹಾರಲು ವಿಮಾನಗಳಿಗೆ ಅವಕಾಶ ಕೊಟ್ಟಿದ್ದಾರೆ. ಇಷ್ಟೆಲ್ಲ ನಿಖರತೆಯನ್ನು ಸಂಪಾದಿಸಿ, ಕೊನೆಗೆ ಅದನ್ನು ಬೇಕೆಂದೇ ಸ್ವಲ್ಪ ಕೆಡಿಸಿಕೊಳ್ಳುವುದು!

ಬಲಕ್ಕೆ ಸರಿಯುವುದಕ್ಕೆ ಇನ್ನೊಂದು ಕಾರಣವೂ ಇದೆ. 2017ರ ಜನವರಿ 7ರಂದು ಅರಬ್ಬೀ ಸಮುದ್ರದ ಮೇಲೆ ಮಾಲೆಯಿಂದ ಅಬುಧಾಬಿಗೆ ಸಣ್ಣ ಜೆಟ್ಟೊಂದು 34,000 ಅಡಿಯಲ್ಲಿ ಹೊರಟಿತ್ತು. ದುಬೈಯಿಂದ ಸಿಡ್ನಿಗೆ ಹೊರಟಿದ್ದ ಎರಡು ಅಂತಸ್ತಿನ ಏರ್‌ಬಸ್ 35,000ದಲ್ಲಿ ಅದರ ಮೇಲೆ ಹಾದುಹೋಯಿತು. ಸ್ವಲ್ಪ ಹೊತ್ತಿನ ಮೇಲೆ ದೊಡ್ಡದರ ರೆಕ್ಕೆಗಳು ಎಬ್ಬಿಸಿದ ಸುಳಿ ಮೆಲ್ಲಗೆ ಕೆಳಗಿಳಿದು ಬಂದು ಸಣ್ಣದನ್ನು ಹಿಡಿಯಿತು. ಅದು ಮಗುಚಿ ಉರುಳಿ ಸುಮಾರು 9,000 ಅಡಿ ಬಿದ್ದ ಮೇಲೆ ಚಾಲಕರ ಕೈಗೆ ಮತ್ತೆ ಸಿಕ್ಕಿತು. ಒಳಗಿದ್ದವರಲ್ಲಿ ಕೆಲವರು ಗಾಯಗೊಂಡರು. ಮಸ್ಕತ್ತಿನಲ್ಲಿ ಇಳಿದ ಆ ವಿಮಾನ ದುರಸ್ತಿಗೆ ಮೀರಿ ಕೆಟ್ಟಿತ್ತು. ಎರಡೂ ವಿಮಾನಗಳು ತಮ್ಮ ತಮ್ಮ ಮಹಡಿಯಲ್ಲೇ ಇದ್ದವು; ನಡುವೆ ಸಾವಿರ ಅಡಿ ಸರಿಯಾಗಿಯೇ ಇತ್ತು.