ಲಾಡಿ ಚೀಲದ ಮೇಲಿನ ಅಕ್ಷರಗಳು

ಅಕ್ಕಲಕೋಟೆ ತಾಲೂಕಿನ ಹಳ್ಳಿಯೊಂದರ ಮನೆಯಲ್ಲಿ, ಎರಡನೆಯ ತರಗತಿ ಮುಗಿಸಿದ ಹುಡುಗನ ಆಟಿಕೆಗಳು ಬೇಸಿಗೆಯ ರಜೆಯುದ್ದಕ್ಕೂ ಪಡಸಾಲೆಯ ತುಂಬ ಹರಡಿಕೊಂಡಿದ್ದವು. ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಕೊಂಡ ಟ್ರ್ಯಾಕ್ಟರು, ಒಂದಕ್ಕೊಂದು ಸಿಕ್ಕಿಸುವ ಬಣ್ಣದ ಪ್ಲಾಸ್ಟಿಕ್ ತುಂಡುಗಳು, ಮೊಳೆ ಸವೆದ ಬುಗುರಿ, 30ಕ್ಕೂ ಮಿಕ್ಕಿದ ಗೋಲಿಗುಂಡುಗಳು. ಒಂದು ರಾತ್ರಿ ನೀರಿಗೆಂದು ಎದ್ದ ಅಜ್ಜಿ ಗೋಲಿಯ ಮೇಲೆ ಕಾಲಿಟ್ಟು ಜಾರಿ, ಕಂಬ ಹಿಡಿದು ಉಳಿದಳು. ಮರುದಿನವೇ ಸೊಸೆ ಚೀಲ ಹೊಲಿಯಲು ಕುಳಿತಳು.

ಆಕೆಯ ತವರು ಲಾತೂರಿನ ಕಡೆ. ಹತ್ತನೆಯವರೆಗೆ ಓದಿದ್ದು ಮರಾಠಿಯಲ್ಲಿ. ಮದುವೆಯಾಗಿ ಬಂದ ಮೇಲೆ ಕನ್ನಡ ನಾಲಗೆಗೆ ಒಲಿಯಿತು, ಕಣ್ಣಿಗೆ ಒಲಿಯಲಿಲ್ಲ. ಅತ್ತೆಗೆ ಯಾವ ಅಕ್ಷರವೂ ಬಾರದು. ಮನೆಯಲ್ಲಿ ಕನ್ನಡ ಓದಬಲ್ಲವರು ಇಬ್ಬರೇ: ಸೊಲ್ಲಾಪುರದ ಮಗ್ಗದಲ್ಲಿ ದುಡಿದು ವಾರಕ್ಕೊಮ್ಮೆ ಬರುವ ಗಂಡ, ಮತ್ತು ಈ ಹುಡುಗ. ಶಾಲೆಯಿಂದ ಬಂದ ಚೀಟಿಯಲ್ಲಿ ಏನಿದೆಯೆಂದು ಮಗನನ್ನೇ ಕೇಳಬೇಕು, ಅವನು ಓದಿದ್ದೇ ನಿಜವೆಂದು ನಂಬಬೇಕು. ಆರೋಪಿಯೇ ದೋಷಾರೋಪ ಪಟ್ಟಿಯನ್ನು ಓದಿ ಹೇಳುವ ಈ ವ್ಯವಸ್ಥೆಯಲ್ಲಿ ಹುಡುಗ ಒಮ್ಮೆಯೂ ತಪ್ಪಿತಸ್ಥನಾಗಿರಲಿಲ್ಲ. ಮರಾಠಿ ಶಾಲೆಗೆ ಹಾಕಿದರೆ ತಾನೇ ಪಾಠ ಹೇಳಿಕೊಡಬಹುದೆಂದು ಆಕೆ ಗಂಡನಿಗೆ ಎರಡು ಸಲ ಹೇಳಿದ್ದಳು. ಆತ ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ.

ಚೀಲಕ್ಕೆ ಆರಿಸಿದ್ದು ಅಂಚು ಸವೆದ ಹಳೆಯ ಸೊಲ್ಲಾಪುರಿ ಚಾದರ. 1999ರ ಕಾಯ್ದೆಯಡಿ ಭೌಗೋಳಿಕ ಸೂಚಕವಾಗಿ ನೋಂದಣಿಯಾದ ಘನತೆ ಆ ಚಾದರದ್ದು. ಗೋಲಿಗಳ ಭಾರ ಅದಕ್ಕೊಂದು ಲೆಕ್ಕವಲ್ಲ. ಅದನ್ನು ನಾಲ್ಕು ಮಡಿಕೆ ಮಾಡಿ, ಮಡಿಕೆಗಳು ಕೂಡುವ ಮೂಲೆಯಲ್ಲಿ ದಾರದ ಒಂದು ತುದಿಯನ್ನು ಒತ್ತಿ ಹಿಡಿದು, 18 ಇಂಚು ಆಚೆಗಿನ ತುದಿಗೆ ಸೀಮೆಸುಣ್ಣದ ತುಂಡು (ಆ ಕಡೆಯ ಮಾತಿನಲ್ಲಿ ಖಡು) ಕಟ್ಟಿ ಕಮಾನು ಎಳೆದಳು. ಕತ್ತರಿಸಿ ಬಿಡಿಸಿದಾಗ 36 ಇಂಚು ಅಗಲದ ದುಂಡು ಹಾಸು. ಹರಡಿದರೆ ಆಟದ ಚಾಪೆ, ಲಾಡಿ ಎಳೆದರೆ ಚೀಲ. ಪ್ಲಾಸ್ಟಿಕ್ ತುಂಡುಗಳ ಮೂಲೆಗಳು ಚಾದರದ ಎಳೆಗೆ ಸಿಕ್ಕಿಕೊಳ್ಳದಿರಲೆಂದು ಒಳಮೈಗೆ ಹಳೆಯ ನೂಲಿನ ಸೀರೆಯನ್ನು ಹಚ್ಚಿದಳು.

ತೊಡಕಾದದ್ದು ಅಂಚಿನಲ್ಲಿ. ದುಂಡು ಅಂಚನ್ನು ಹಾಗೆಯೇ ಮಡಚಿ ಹೊಲಿದರೆ ದಪ್ಪ ಬಟ್ಟೆ ನೆರಿಗೆಗಟ್ಟುತ್ತದೆ, ಲಾಡಿ ಓಡುವುದಿಲ್ಲ. ಒಮ್ಮೆ ಹೊಲಿದು ಬಿಚ್ಚಿದ ಮೇಲೆ ಆಕೆ ಸೀರೆಯಿಂದ 2 ಇಂಚಿನ ಪಟ್ಟಿಗಳನ್ನು ಓರೆಯಾಗಿ ಕತ್ತರಿಸಿ ಜೋಡಿಸಿದಳು. ಓರೆ ಪಟ್ಟಿ ಹಿಗ್ಗುತ್ತದೆ, ತಿರುವಿಗೆ ಒಗ್ಗುತ್ತದೆ. ಸುತ್ತಳತೆಯೇ 113 ಇಂಚು. ಎದುರುಬದುರಾಗಿ ಎರಡು ಕಿಂಡಿ ಬಿಟ್ಟು, ಪಿನ್ನಿಗೆ ಸಿಕ್ಕಿಸಿದ ಲಾಡಿಯನ್ನು ಒಂದು ಕಿಂಡಿಯಿಂದ ಹೊಗಿಸಿ ಪೂರ್ಣ ಸುತ್ತು ತಂದು ಅದೇ ಕಿಂಡಿಯಿಂದ ಹೊರಗೆಳೆದಳು. ಇನ್ನೊಂದು ಲಾಡಿಯನ್ನು ಇನ್ನೊಂದು ಕಿಂಡಿಯಿಂದ. ಎರಡೂ ಕಡೆ ಜಗ್ಗಿದಾಗ ಚೀಲದ ಬಾಯಿ ಸಮನಾಗಿ ಮುಚ್ಚಿತು.

ಚಿಕ್ಕಪ್ಪನ ಮಕ್ಕಳೊಡನೆ ಮುಂದೆ ವ್ಯಾಜ್ಯ ಬರಬಾರದೆಂದು ಹುಡುಗ ಚೀಲದ ಮೇಲೆ ‘ನನ್ನ ಆಟಿಕೆ’ ಎಂದು ಬರೆಯಬೇಕೆಂದ. ಕನ್ನಡದಲ್ಲಿಯೇ. ಆಕೆಗೆ ಅವನನ್ನು ಕೇಳಲು ಮನಸ್ಸಾಗಲಿಲ್ಲ. ಅವನು ಆಡಲು ಹೋದ ಹೊತ್ತಿನಲ್ಲಿ ಒಂದನೆಯ ತರಗತಿಯ ಪುಸ್ತಕ ತೆರೆದು, ವರ್ಣಮಾಲೆಯನ್ನೂ ಕಾಗುಣಿತವನ್ನೂ ನೋಡಿಕೊಂಡು ಕೆಂಪು ದಾರದಲ್ಲಿ ಹೊಲಿದಳು. ಒತ್ತಕ್ಷರ ಆ ಪುಟಗಳಲ್ಲಿರಲಿಲ್ಲ. ನಡುವಿನ ನಕಾರವನ್ನು ಮರಾಠಿಯ ರೀತಿಯಲ್ಲಿ ಅರ್ಧ ಮಾಡಿ ಪಕ್ಕದ ನಕಾರಕ್ಕೆ ಅಂಟಿಸಿದಳು. ಕೊನೆಗೆ ಎಲ್ಲ ಅಕ್ಷರಗಳ ತಲೆಯ ಮೇಲೆ ಒಂದು ಉದ್ದನೆಯ ಗೆರೆ.

ಹುಡುಗ ಬಂದು ನೋಡಿ ಬಿದ್ದು ಬಿದ್ದು ನಕ್ಕ. “ಅವ್ವಾ, ಹಗ್ಗದ ಮ್ಯಾಲ ಬಟ್ಟಿ ಒಣಗಹಾಕೀ ಏನು?”

ಆಮೇಲೆ ತಾಯಿಯ ಮುಖ ನೋಡಿ ನಗು ನಿಲ್ಲಿಸಿದ. ಪಕ್ಕದಲ್ಲಿ ಕುಳಿತು ಮೆಲ್ಲಗೆ ಹೇಳಿದ: “ಗೆರಿ ಬ್ಯಾಡ. ‘ನ’ಕ್ಕ ತಲಿಕಟ್ಟು ಬ್ಯಾರೆ ಅದ, ‘ಆ’ಕ್ಕ ಇಲ್ಲೇ ಇಲ್ಲ. ಎರಡು ‘ನ’ ಕೂಡಿದ್ರ ಒಂದು ಕೆಳಗ ಹೋಗಿ ಕುಂಡ್ರತದ.”

“ಕೆಳಗ ಕುಂತ್ರ ಏನಾತು, ಕುಂಡ್ರಲಿ ಬಿಡು,” ಎಂದಳು ಅಜ್ಜಿ, ವಿಷಯ ಏನೆಂದು ತಿಳಿಯದೆ.

ಆಕೆ ಹೊಲಿಗೆಯನ್ನೆಲ್ಲ ಬಿಚ್ಚಿದಳು. ಸೂಜಿಯ ತೂತುಗಳು ಇಂದಿಗೂ ಚಾದರದಲ್ಲಿ ಕಾಣುತ್ತವೆ. ಹುಡುಗ ಖಡು ಹಿಡಿದು ಬರೆದ. ಆಕೆ ಅದರ ಮೇಲೆ ಸರಪಳಿ ಹೊಲಿಗೆ ಹಾಕಿದಳು. ದುಂಡು ತಿರುವುಗಳಿಗೆ ಆ ಹೊಲಿಗೆಯೇ ಸರಿ, ನೇರ ಹೊಲಿಗೆ ಮುರಿದಂತೆ ಕಾಣುತ್ತದೆ. ಒಂದು ಒತ್ತಿಗೆ ಒಂದು ಸಂಜೆಯೇ ಹಿಡಿಯಿತು. ಆ ವಾರ ಊರಿಗೆ ಬಂದ ಗಂಡ ಚೀಲವನ್ನು ಎತ್ತಿ ಓದಿ, ಮಗನಿಗೆ “ಚಲೋ ಬರದೀ” ಎಂದ. ಆಕೆ ಏನೂ ಹೇಳಲಿಲ್ಲ; ಹುಡುಗನೇ ಹೇಳಿದ.

ಆಟಿಕೆಗಳೆಲ್ಲ ಚೀಲ ಸೇರಿದವು, ಮಣ್ಣೆತ್ತಿನ ಅಮಾವಾಸ್ಯೆಯಂದು ಮಾಡಿದ್ದ ಮಣ್ಣಿನ ಎತ್ತೊಂದನ್ನು ಬಿಟ್ಟು. ಗೋಲಿಗಳ ಜೊತೆ ಅದು ಒಂದು ದಿನವೂ ಬಾಳದು, ಗೂಡಿನಲ್ಲಿಯೇ ಇದೆ.

ಜೂನ್‌ನಲ್ಲಿ ಅದೇ ಶಾಲೆಯಿಂದ ಪಾಲಕರ ಸಭೆಯ ಚೀಟಿ ಬಂತು. ಕೆಳಗೆ ಸಹಿ ಹಾಕಬೇಕಿತ್ತು. ಪೆನ್ನು ಹಿಡಿದವಳು ತಡೆದು ಕೇಳಿದಳು: “ನನ್ನ ಹೆಸರಿನಾಗ ಒತ್ತಕ್ಷರ ಅವ ಏನು?”

ಹುಡುಗ ಬೆರಳು ಮಡಚಿ ಎಣಿಸಿದ. “ಎರಡು ಅವ.”

“ಖಡು ತಗೊಂಡು ಬಾ.”